ಹೆಂಗಸರ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದು: ಹಾರ್ಮೋನಿನ ಪಾಲೆಷ್ಟು, ಮೈಕಟ್ಟಿನ ಪಾಲೆಷ್ಟು?

ಪ್ರಶ್ನೆ: ನನಗೆ 48 ವರ್ಷ. ಪ್ರೌಢಶಾಲೆಯಲ್ಲಿ ಶಿಕ್ಷಕಿ. ಎತ್ತರ 149 ಸೆಂ.ಮೀ., ತೂಕ 66 ಕೆ.ಜಿ. ಮುಟ್ಟು ಮೊದಲು ಏರುಪೇರಾಗಿ, ಈಗ ಎಂಟು ತಿಂಗಳಿಂದ ನಿಂತಿದೆ. ಸುಮಾರು ಅದೇ ಹೊತ್ತಿನಿಂದ ನಡುರಾತ್ರಿ ಬಲಗೈ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತದೆ. ಎದ್ದು ಕೈ ಒದರಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಇತ್ತೀಚೆಗೆ ಎಡಗೈಯಲ್ಲೂ ಶುರುವಾಗಿದೆ. ಕಿರುಬೆರಳಿಗೆ ಏನೂ ಆಗುವುದಿಲ್ಲ. ಎರಡನೆಯ ಬಸುರಿನ ಕೊನೆಯ ತಿಂಗಳುಗಳಲ್ಲಿ ಹೀಗೇ ಆಗಿ, ಹೆರಿಗೆಯ ನಂತರ ತಾನಾಗಿಯೇ ಹೋಗಿತ್ತು. ನನ್ನ ಅಮ್ಮನಿಗೂ ಈ ತೊಂದರೆ ಇತ್ತು. ಅಕ್ಕನಿಗೆ 41ನೇ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರು, ಅದಾದ ಎರಡು ವರ್ಷಕ್ಕೆ ಅವಳ ಕೈಗೂ ಆಪರೇಷನ್ ಆಯಿತು. ನಮ್ಮ ಮನೆಯ ಗಂಡಸರಲ್ಲಿ ಯಾರಿಗೂ ಇದಿಲ್ಲ. ಇಲ್ಲಿನ ವೈದ್ಯರು ನರಗಳ ನಿಶ್ಶಕ್ತಿ ಎಂದು ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟಿದ್ದಾರೆ. ಇದು ಹಾರ್ಮೋನಿನಿಂದ ಬಂದದ್ದೆ ಅಥವಾ ನನ್ನ ಮೈಕಟ್ಟಿನಿಂದ ಬಂದದ್ದೆ? ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ವಾಸಿಯಾಗುತ್ತದೆಯೆ? 23 ವರ್ಷದ ಮಗಳೂ ನನ್ನ ಹಾಗೆಯೇ ಇದ್ದಾಳೆ, ಅವಳಿಗೂ ಬರುತ್ತದೆಯೆ?

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ಬಹುಮಟ್ಟಿಗೆ ಕಾರ್ಪಲ್ ಟನಲ್ ಸಿಂಡ್ರೋಮ್, ಅಂದರೆ ಮಣಿಕಟ್ಟಿನೊಳಗೆ ಮೀಡಿಯನ್ ನರ ಒತ್ತಿಕೊಂಡಿರುವ ಸ್ಥಿತಿ. ನಡುರಾತ್ರಿ ಎಚ್ಚರವಾಗುವುದು, ಕೈ ಒದರಿದಾಗ ಸಮಾಧಾನವಾಗುವುದು, ಕಿರುಬೆರಳು ಮಾತ್ರ ಹೊರಗುಳಿಯುವುದು, ಈ ಮೂರೂ ಒಟ್ಟಿಗೆ ಇದ್ದಾಗ ಬೇರೆ ಕಾರಣದ ಸಾಧ್ಯತೆ ತುಂಬ ಕಡಿಮೆಯಾಗುತ್ತದೆ. ಹಾರ್ಮೋನಿನಿಂದಲೋ ಮೈಕಟ್ಟಿನಿಂದಲೋ ಎಂಬ ಪ್ರಶ್ನೆಗೆ ಎರಡರಿಂದಲೂ ಎಂಬುದೇ ನೇರವಾದ ಉತ್ತರ. ಮೈಕಟ್ಟು ಹುಟ್ಟಿನಿಂದ ಇದ್ದ ಒಂದು ಒಲವು, ಹಾರ್ಮೋನಿನ ಏರುಪೇರು ಆ ಒಲವು ರೋಗವಾಗಿ ತೋರಿಕೊಂಡ ಸಮಯ. ಮಣಿಕಟ್ಟಿನ ಆಕಾರವನ್ನಾಗಲಿ ಮುಟ್ಟು ನಿಲ್ಲುವುದನ್ನಾಗಲಿ ನಾವು ಬದಲಾಯಿಸಲಾರೆವು. ಆದರೆ ಯಾವ ಪರೀಕ್ಷೆಗಳನ್ನು ಮಾಡಿಸಬೇಕು, ಎಷ್ಟು ದಿನ ಕಾಯಬಹುದು, ಯಾವಾಗ ಕಾಯಬಾರದು ಎಂಬುದನ್ನು ಈ ಕಾರಣಗಳೇ ತಿಳಿಸುತ್ತವೆ. ಆದ್ದರಿಂದ ಅವುಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಣಿಕಟ್ಟಿನ ಒಳಭಾಗದಲ್ಲಿ ಎಂಟು ಸಣ್ಣ ಮೂಳೆಗಳು ಸೇರಿ ಒಂದು ತಗ್ಗನ್ನು ಮಾಡಿವೆ. ಅದರ ಮೇಲೆ ದಪ್ಪನೆಯ ಅಡ್ಡಪಟ್ಟಿಯಂತಹ ಬಂಧಕ, ಅಂದರೆ ಲಿಗಮೆಂಟ್, ಹಾದುಹೋಗಿದೆ. ಮೂರು ಕಡೆ ಮೂಳೆ, ಒಂದು ಕಡೆ ಬಿಗಿಯಾದ ಪಟ್ಟಿ ಇರುವ ಈ ಓಣಿಯಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಸಾಗುತ್ತವೆ. ಈ ಹತ್ತರಲ್ಲಿ ಮೃದುವಾಗಿರುವುದು ನರವೊಂದೇ. ಒಳಗೆ ಜಾಗ ಸ್ವಲ್ಪ ಕಡಿಮೆಯಾದರೂ ಮೊದಲು ನಲುಗುವುದು ಅದೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗದ ಸ್ಪರ್ಶಜ್ಞಾನವನ್ನೂ ಹೆಬ್ಬೆರಳಿನ ಬುಡದ ಸ್ನಾಯುಗಳ ಬಲವನ್ನೂ ಈ ನರವೇ ನೋಡಿಕೊಳ್ಳುತ್ತದೆ. ಕಿರುಬೆರಳಿಗೆ ಹೋಗುವ ಅಲ್ನರ್ ನರ ಈ ಓಣಿಯೊಳಗೆ ಹಾಯುವುದಿಲ್ಲ. ಅಂಗೈ ನಡುಭಾಗದ ಚರ್ಮಕ್ಕೆ ಹೋಗುವ ಕವಲು ಓಣಿಗೆ ಮೊದಲೇ ಬೇರ್ಪಟ್ಟಿರುತ್ತದೆ, ಹಾಗಾಗಿ ಬೆರಳು ಮರಗಟ್ಟಿದಾಗಲೂ ಅಂಗೈಯ ಸ್ಪರ್ಶ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ಇದು ಒತ್ತಡದ ರೋಗ ಎಂಬುದಕ್ಕೆ ಅಳತೆಯ ಆಧಾರವಿದೆ. 1981ರಲ್ಲಿ ಅಮೆರಿಕದ ರಿಚರ್ಡ್ ಗೆಲ್ಬರ್‌ಮನ್ ಮತ್ತು ಸಂಗಡಿಗರು ಓಣಿಯೊಳಗೆ ಸಣ್ಣ ನಳಿಕೆ ಇಟ್ಟು ಅಳೆದಾಗ, ಮಣಿಕಟ್ಟು ನೇರವಾಗಿದ್ದರೆ ಆರೋಗ್ಯವಂತರಲ್ಲಿ ಒತ್ತಡ ಸರಾಸರಿ 2.5 ಮಿ.ಮೀ. ಪಾದರಸದಷ್ಟಿತ್ತು, ರೋಗಿಗಳಲ್ಲಿ 32 ಇತ್ತು. ಮಣಿಕಟ್ಟನ್ನು ಪೂರ್ತಿ ಬಗ್ಗಿಸಿದಾಗ ರೋಗಿಗಳಲ್ಲಿ ಅದು 90ನ್ನು ದಾಟಿತು. ಅಷ್ಟು ಒತ್ತಡದಲ್ಲಿ ನರಕ್ಕೆ ರಕ್ತ ಒದಗಿಸುವ ಸೂಕ್ಷ್ಮನಾಳಗಳು ಅಮುಕಿಕೊಂಡು ನರ ಜೋಮು ಹಿಡಿಯುತ್ತದೆ. ನಿದ್ದೆಯಲ್ಲಿ ನಾವು ಅರಿಯದೆಯೇ ಕೈಯನ್ನು ಮಡಿಸಿ ತಲೆಯ ಕೆಳಗೋ ಕೆನ್ನೆಯ ಕೆಳಗೋ ಇಟ್ಟುಕೊಳ್ಳುತ್ತೇವೆ. ಜೊತೆಗೆ ಹಗಲೆಲ್ಲ ಕಾಲಿನ ಕಡೆ ಇಳಿದಿದ್ದ ನೀರಿನಂಶ ಮಲಗಿದಾಗ ಮೈಯ ಮೇಲ್ಭಾಗಕ್ಕೂ ಹಂಚಿಕೊಳ್ಳುತ್ತದೆ. ನಿಮಗೆ ರಾತ್ರಿಯೇ ಎಚ್ಚರವಾಗುವುದಕ್ಕೆ ಇದೇ ಕಾರಣ.

ಈ ರೋಗ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಫೇಲನ್ 1966ರಲ್ಲಿ ತಮ್ಮ ಹದಿನೇಳು ವರ್ಷಗಳ ಅನುಭವದ 654 ಕೈಗಳ ವಿವರವನ್ನು ಪ್ರಕಟಿಸಿದಾಗಲೇ, ರೋಗಿಗಳಲ್ಲಿ ಹೆಚ್ಚಿನವರು ನಡುವಯಸ್ಸಿನ ಹೆಂಗಸರು ಎಂಬುದು ಎದ್ದು ಕಂಡಿತ್ತು. ಕೈಗೆ ಹೆಚ್ಚು ಕೆಲಸ ಇರುವುದರಿಂದ ಹೀಗಾಗುತ್ತದೆ ಎಂದು ಬಹುಕಾಲ ಹೇಳಲಾಗುತ್ತಿತ್ತು. ಕೆಲಸದ ಪಾಲು ಖಂಡಿತ ಇದೆ. ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ, ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಬಟ್ಟೆ ಹಿಡಿದು ಎಳೆಯುವ ಹೆಂಗಸರ ಕೈಗಳು ಬಲ ಹಾಕಿ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತವೆ, ಅಂತಹ ಕೆಲಸ ಈ ಓಣಿಯೊಳಗಿನ ಒತ್ತಡವನ್ನು ಏರಿಸುತ್ತದೆ. ಆದರೆ ಒಂದೇ ಸಾಲಿನಲ್ಲಿ ಕುಳಿತು ಒಂದೇ ಕೆಲಸ ಮಾಡುವವರಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರುವುದಿಲ್ಲ, ಕೆಲಸಕ್ಕೆ ಬಳಸದ ಕೈಗೂ ಬರುತ್ತದೆ, ಭಾರದ ಕೆಲಸವನ್ನೇ ಮಾಡದವರಿಗೂ ಬರುತ್ತದೆ. ಆ ವ್ಯತ್ಯಾಸವನ್ನು ವಿವರಿಸಲು ಹಾರ್ಮೋನು ಮತ್ತು ಮೈಕಟ್ಟಿನ ಕಡೆಗೆ ತಿರುಗಲೇಬೇಕು.

ಮೊದಲು ಬಸುರಿನ ವಿಷಯ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ದೇಹ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾಲು ಊದುವಂತೆಯೇ ಮಣಿಕಟ್ಟಿನ ಓಣಿಯೊಳಗಿನ ಮೃದು ಅಂಗಾಂಶವೂ ಊದುತ್ತದೆ. ಓಣಿಯ ಗೋಡೆ ಹಿಗ್ಗುವುದಿಲ್ಲವಾದ್ದರಿಂದ ಆ ಊತದ ಹೊರೆ ನರದ ಮೇಲೆ ಬೀಳುತ್ತದೆ. ಹೆರಿಗೆಯ ನಂತರ ನೀರಿನಂಶ ಇಳಿದಾಗ ಹೆಚ್ಚಿನವರಲ್ಲಿ ಜೋಮು ಕೆಲವು ವಾರಗಳಲ್ಲಿ ಹೋಗುತ್ತದೆ. ಹಾಲುಣಿಸುವ ಅವಧಿಯಲ್ಲಿ ಕೆಲವರಿಗೆ ಮುಂದುವರಿಯುತ್ತದೆ, ಮಗುವಿನ ತಲೆಯನ್ನು ಆನಿಸಿಕೊಳ್ಳಲು ಮಣಿಕಟ್ಟನ್ನು ಗಂಟೆಗಟ್ಟಲೆ ಬಗ್ಗಿಸಿ ಹಿಡಿಯುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಬಾಣಂತಿಯರು ಮಣಿಕಟ್ಟು ನೋವು ಎಂದು ಬಂದಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹೆಬ್ಬೆರಳಿನ ಬದಿಯ ಮೂಳೆಯ ಮೇಲೆ, ಮಗುವನ್ನು ಎತ್ತುವಾಗ ಚುಚ್ಚಿದಂತಾಗುವ ನೋವು ಬೇರೆ. ಅದು ಹೆಬ್ಬೆರಳಿನ ಸ್ನಾಯುರಜ್ಜುಗಳ ಹೊದಿಕೆಯ ತೊಂದರೆ, ಅದರಲ್ಲಿ ಬೆರಳು ಮರಗಟ್ಟುವುದಿಲ್ಲ. ನಿಮ್ಮ ಎರಡನೆಯ ಬಸುರಿನಲ್ಲಿ ಕಾಣಿಸಿಕೊಂಡು ಹೋದದ್ದು ನರದ ಒತ್ತಡವೇ ಇರಬೇಕು. ನಿಮ್ಮ ಓಣಿಯಲ್ಲಿ ಹೆಚ್ಚುವರಿ ಜಾಗ ಇಲ್ಲವೆಂಬುದು ಆಗಲೇ ತಿಳಿದುಬಂದಿತ್ತು.

ಈಗಿನದು ಇದಕ್ಕೆ ತದ್ವಿರುದ್ಧವಾದ ಸ್ಥಿತಿ. ಬಸುರಿನಲ್ಲಿ ಈಸ್ಟ್ರೋಜನ್, ಅಂದರೆ ಹೆಂಗಸರ ಮುಖ್ಯ ಹಾರ್ಮೋನು, ಉತ್ತುಂಗದಲ್ಲಿರುತ್ತದೆ, ಮುಟ್ಟು ನಿಲ್ಲುವಾಗ ಅದು ಕುಸಿಯುತ್ತದೆ. ಏರಿದಾಗಲೂ ತೊಂದರೆ, ಇಳಿದಾಗಲೂ ತೊಂದರೆ ಹೇಗೆ ಎಂದು ಓದುಗರು ಕೇಳುವುದು ಸಹಜ. ಎರಡರ ದಾರಿ ಬೇರೆ. ಬಸುರಿನಲ್ಲಿ ಆಗುವುದು ನೀರು ತುಂಬಿದ ಊತ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಆಗುವುದು ಸ್ನಾಯುರಜ್ಜುಗಳ ಸುತ್ತಲಿನ ತೆಳು ಹೊದಿಕೆ ನಿಧಾನವಾಗಿ ದಪ್ಪಗಾಗಿ ನಾರುಗಟ್ಟುವುದು. ಆಪರೇಷನ್ ಸಮಯದಲ್ಲಿ ಈ ಹೊದಿಕೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನವರಲ್ಲಿ ಉರಿಯೂತದ ಕುರುಹು ಕಾಣುವುದಿಲ್ಲ, ನಾರಿನ ಅಂಶ ಹೆಚ್ಚಾಗಿರುವುದು ಕಾಣುತ್ತದೆ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ಈ ಜೋಮು ಹೋಗದಿರುವುದಕ್ಕೆ ಇದೊಂದು ಕಾರಣ. ಮಣಿಕಟ್ಟಿನ ಅಡ್ಡಪಟ್ಟಿಯಲ್ಲೂ ಈ ಹೊದಿಕೆಯಲ್ಲೂ ಈಸ್ಟ್ರೋಜನ್‌ಗೆ ಸ್ಪಂದಿಸುವ ಗ್ರಾಹಕಗಳು ಇರುವುದು ಗುರುತಾಗಿದೆ, ಅಂದರೆ ಅಂಡಾಶಯದ ಹಾರ್ಮೋನಿಗೂ ಮಣಿಕಟ್ಟಿನ ಅಂಗಾಂಶಕ್ಕೂ ನೇರ ಸಂಬಂಧವಿದೆ.

ಇದಕ್ಕೆ ಅತ್ಯಂತ ಬಲವಾದ ಸಾಕ್ಷಿ ಸಿಕ್ಕಿದ್ದು ಸ್ತನ ಕ್ಯಾನ್ಸರಿನ ಔಷಧಿಗಳಿಂದ. ಮುಟ್ಟು ನಿಂತ ಮೇಲೂ ದೇಹದ ಕೊಬ್ಬಿನಲ್ಲಿ ಸ್ವಲ್ಪ ಈಸ್ಟ್ರೋಜನ್ ತಯಾರಾಗುತ್ತಿರುತ್ತದೆ. ಅನಾಸ್ಟ್ರೋಜೋಲ್, ಲೆಟ್ರೋಜೋಲ್‌ನಂತಹ ಮಾತ್ರೆಗಳು ಅದನ್ನೂ ನಿಲ್ಲಿಸಿಬಿಡುತ್ತವೆ. ಅನಾಸ್ಟ್ರೋಜೋಲನ್ನು ಟಾಮೋಕ್ಸಿಫೆನ್ ಎಂಬ ಇನ್ನೊಂದು ಬಗೆಯ ಸ್ತನ ಕ್ಯಾನ್ಸರ್ ಔಷಧಿಯ ಜೊತೆ ಹೋಲಿಸಿದ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಮಣಿಕಟ್ಟಿನ ನರದೊತ್ತಡ ಮೊದಲನೆಯದನ್ನು ತೆಗೆದುಕೊಂಡವರಲ್ಲಿ ಶೇ. 2.6ರಷ್ಟು ಮಂದಿಗೆ, ಎರಡನೆಯದನ್ನು ತೆಗೆದುಕೊಂಡವರಲ್ಲಿ ಶೇ. 0.7ರಷ್ಟು ಮಂದಿಗೆ ಬಂತು. ಟಾಮೋಕ್ಸಿಫೆನ್ನೇ ಕೈಯನ್ನು ಕಾಪಾಡಿರಬಹುದಲ್ಲ ಎಂಬ ಸಂದೇಹಕ್ಕೂ ಉತ್ತರ ದೊರೆತಿದೆ. ಕ್ಯಾನ್ಸರ್ ಬರುವ ಅಪಾಯ ಹೆಚ್ಚಿರುವ, ಆದರೆ ಇನ್ನೂ ಬಂದಿಲ್ಲದ ಹೆಂಗಸರಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಅನಾಸ್ಟ್ರೋಜೋಲ್ ಪಡೆದವರಲ್ಲಿ ಶೇ. 3.4, ಔಷಧಿಯ ಅಂಶವೇ ಇಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 1.6 ಇತ್ತು. ಈ ಔಷಧಿ ತೆಗೆದುಕೊಳ್ಳುತ್ತಿರುವ ಓದುಗರು ಇದನ್ನು ಓದಿ ಮಾತ್ರೆ ನಿಲ್ಲಿಸಬಾರದು. ಕ್ಯಾನ್ಸರ್ ಮರುಕಳಿಸದಂತೆ ತಡೆಯುವ ಕೆಲಸ ಬಹಳ ದೊಡ್ಡದು, ಮಣಿಕಟ್ಟಿನ ತೊಂದರೆಗೆ ಚಿಕಿತ್ಸೆ ಸುಲಭ. ಕೈ ಜೋಮು ಹಿಡಿಯುತ್ತಿದೆ ಎಂಬುದನ್ನು ಕ್ಯಾನ್ಸರ್ ವೈದ್ಯರಿಗೆ ತಪ್ಪದೆ ಹೇಳಬೇಕು, ಅಷ್ಟೇ.

ನಿಮ್ಮ ಅಕ್ಕನವರ ವಿಷಯವೂ ಇಲ್ಲಿಗೇ ಸೇರುತ್ತದೆ. ಸಹಜವಾಗಿ ಮುಟ್ಟು ನಿಲ್ಲುವಾಗ ಹಾರ್ಮೋನು ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಇಳಿಯುತ್ತದೆ, ಎರಡೂ ಅಂಡಾಶಯಗಳನ್ನು ತೆಗೆದಾಗ ಕೆಲವೇ ದಿನಗಳಲ್ಲಿ ನೆಲಕಚ್ಚುತ್ತದೆ. ಮುಟ್ಟು ನಿಲ್ಲುವ ಮೊದಲೇ ಹೀಗೆ ತೆಗೆಸಿಕೊಂಡ ಹೆಂಗಸರಲ್ಲಿ ಮಣಿಕಟ್ಟಿನ ನರದೊತ್ತಡ ಹೆಚ್ಚು ಎಂಬುದನ್ನು ಅಧ್ಯಯನಗಳು ತೋರಿಸಿವೆ. ಗರ್ಭಕೋಶವನ್ನು ಮಾತ್ರ ತೆಗೆದು ಅಂಡಾಶಯ ಉಳಿಸಿದ್ದರೆ ಇಷ್ಟು ಹಠಾತ್ ಬದಲಾವಣೆ ಆಗುವುದಿಲ್ಲ. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ತಮ್ಮ ಆಪರೇಷನ್ನಿನಲ್ಲಿ ಏನನ್ನು ತೆಗೆದರು, ಏನನ್ನು ಉಳಿಸಿದರು ಎಂಬುದೇ ಗೊತ್ತಿರುವುದಿಲ್ಲ, ಡಿಸ್ಚಾರ್ಜ್ ಕಾಗದವೂ ಕೈಯಲ್ಲಿರುವುದಿಲ್ಲ. ಇದು ನನ್ನನ್ನು ತುಂಬ ನೋಯಿಸುವ ಸಂಗತಿ. 41ಕ್ಕೇ ಅಂಡಾಶಯ ಕಳೆದುಕೊಂಡವರ ಮೂಳೆ ಮತ್ತು ಹೃದಯವನ್ನೂ ನೋಡಿಕೊಳ್ಳಬೇಕಾಗುತ್ತದೆ, ಆದ್ದರಿಂದ ಅಕ್ಕನವರು ಮೂಳೆಯ ಸಾಂದ್ರತೆಯ ಪರೀಕ್ಷೆ ಮತ್ತು ಮುಂದಿನ ಆರೈಕೆಯ ಬಗ್ಗೆ ಸ್ತ್ರೀರೋಗ ತಜ್ಞರನ್ನು ಒಮ್ಮೆ ಕಾಣಲಿ.

ಹಾಗಾದರೆ ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ವಾಸಿಯಾಗುತ್ತದೆಯೆ? ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಪ್ರಯೋಗದ ಮಾಹಿತಿಯನ್ನು 2018ರಲ್ಲಿ ಈ ದೃಷ್ಟಿಯಿಂದ ವಿಶ್ಲೇಷಿಸಿದಾಗ, ಹುಸಿಮಾತ್ರೆ ಪಡೆದವರಿಗಿಂತ ಹಾರ್ಮೋನು ಪಡೆದವರಲ್ಲಿ ಹೊಸದಾಗಿ ಈ ರೋಗ ಬಂದದ್ದು ಕಡಿಮೆ ಎಂದು ಕಂಡುಬಂತು. ಆದರೆ ಅದೇ ಪ್ರಯೋಗದಿಂದಲೇ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಮಾತ್ರೆಯಿಂದ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಮತ್ತು ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆಂದು 2002ರಲ್ಲಿ ತಿಳಿದದ್ದು. ಬಾರದಂತೆ ತಡೆಯುವುದು ಬೇರೆ, ಬಂದದ್ದನ್ನು ವಾಸಿಮಾಡುವುದು ಬೇರೆ. ಆಗಲೇ ನಾರುಗಟ್ಟಿದ ಹೊದಿಕೆಯನ್ನು ಈ ಮಾತ್ರೆ ಮೊದಲಿನಂತೆ ಮಾಡುತ್ತದೆ ಎನ್ನಲು ಆಧಾರವಿಲ್ಲ. ಕೈಯ ಜೋಮಿಗಾಗಿ ಮಾತ್ರ ಹಾರ್ಮೋನು ಬೇಡ. ನಿಮಗೆ ನಿದ್ದೆಗೆಡಿಸುವಷ್ಟು ಮೈ ಬಿಸಿಯೇರುವುದು, ಬೆವರುವುದು ಇದ್ದರೆ ಆ ಕಾರಣಕ್ಕಾಗಿ ಸ್ತ್ರೀರೋಗ ತಜ್ಞರೊಡನೆ ಚರ್ಚಿಸಿ ನಿರ್ಧರಿಸಬಹುದು.

ಹಾರ್ಮೋನು ಎಂದಾಗ ಅಂಡಾಶಯವೊಂದನ್ನೇ ನೆನೆದು ಥೈರಾಯ್ಡನ್ನು ಮರೆಯುವುದು ಸಾಮಾನ್ಯ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಥೈರಾಯ್ಡ್ ಕೊರತೆ ತುಂಬ ಕಾಣುತ್ತದೆ. ಅದರಲ್ಲಿ ನೀರನ್ನು ಹೀರಿಕೊಳ್ಳುವ ಲೋಳೆಯಂತಹ ವಸ್ತು ಅಂಗಾಂಶಗಳಲ್ಲಿ ಸೇರಿಕೊಂಡು ಮಣಿಕಟ್ಟಿನ ಓಣಿಯೂ ಕಿರಿದಾಗುತ್ತದೆ. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ತೂಕ ಏರುವುದು ಇವನ್ನು ಮುಟ್ಟು ನಿಲ್ಲುವುದರ ಲೆಕ್ಕಕ್ಕೇ ಹಾಕಿ ಸುಮ್ಮನಾಗುವವರು ಬಹಳ. ಬಂದಿರುವುದು ಥೈರಾಯ್ಡಿನಿಂದಾದರೆ ಮಾತ್ರೆ ಶುರುಮಾಡಿದ ಮೇಲೆ ಕೈಯೂ ಬಹಳಷ್ಟು ಸುಧಾರಿಸುತ್ತದೆ. ಹಾರ್ಮೋನಿನ ಕಾರಣಗಳಲ್ಲಿ ನಿಜವಾಗಿ ತಿದ್ದಬಹುದಾದದ್ದು ಇದು, ಆದ್ದರಿಂದ ಟಿಎಸ್ಎಚ್ ಎಂಬ ಥೈರಾಯ್ಡಿನ ರಕ್ತಪರೀಕ್ಷೆ ಮಾಡಿಸದೆ ಬಿಡಬೇಡಿ. ಸಕ್ಕರೆ ಕಾಯಿಲೆಯೂ ಹೀಗೆಯೇ. ಅದು ಸ್ನಾಯುರಜ್ಜುಗಳ ಹೊದಿಕೆಯನ್ನು ದಪ್ಪಗಾಗಿಸುವುದಲ್ಲದೆ ನರದ ತಾಳಿಕೆಯನ್ನೂ ಕುಗ್ಗಿಸುತ್ತದೆ.

ಇನ್ನು ಮೈಕಟ್ಟು. ಇದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿದ್ದು, ಜನ ಅವನ್ನು ಒಂದಾಗಿಸಿ ಮಾತಾಡುತ್ತಾರೆ. ಮೊದಲನೆಯದು ಮಣಿಕಟ್ಟಿನ ಆಕಾರ. ಮಣಿಕಟ್ಟಿನ ಗೆರೆಯ ಬಳಿ ಅದರ ದಪ್ಪವನ್ನು, ಅಂದರೆ ಅಂಗೈ ಬದಿಯಿಂದ ಹಿಂಬದಿಯವರೆಗಿನ ಅಳತೆಯನ್ನು, ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಹೆಚ್ಚಿನವರಲ್ಲಿ 0.70ಕ್ಕಿಂತ ಕಡಿಮೆ ಇರುತ್ತದೆ, ಅಂದರೆ ಅವರ ಮಣಿಕಟ್ಟು ಚಪ್ಪಟೆಯಾಗಿರುತ್ತದೆ. 0.70ಕ್ಕಿಂತ ಹೆಚ್ಚಾಗಿ ಅದು ಚೌಕಾಕಾರಕ್ಕೆ ಸಮೀಪಿಸಿದಂತೆ ನರದಲ್ಲಿ ಸಂಕೇತ ಸಾಗುವ ವೇಗ ತಗ್ಗಿರುವುದು ಮತ್ತು ರೋಗ ಬಂದಿರುವುದು ಹೆಚ್ಚಾಗಿ ಕಂಡುಬಂದಿದೆ. 1983ರಿಂದಲೂ ಈ ಅಳತೆ ಚರ್ಚೆಯಲ್ಲಿದೆ, ಬೇರೆ ಬೇರೆ ದೇಶಗಳ ಅಧ್ಯಯನಗಳು ಇದನ್ನು ಅನುಮೋದಿಸಿವೆ. ಅಂಗೈ ಅಗಲವಾಗಿ ಉದ್ದ ಕಡಿಮೆ ಇರುವುದೂ ಇದರ ಜೊತೆಗೆ ಬರುತ್ತದೆ. ಬಳೆ ತೊಡುವಾಗ ಕೈ ಹಿಡಿಯುತ್ತದೆ ಎಂಬುದರಿಂದ ಇದನ್ನು ಅಳೆಯಲಾಗದು, ಏಕೆಂದರೆ ಬಳೆ ಹಾಯಬೇಕಾದದ್ದು ಅಂಗೈಯ ಗೆಣ್ಣುಗಳನ್ನು.

ಎರಡನೆಯದು ಎತ್ತರ. ಲಕ್ಷಾಂತರ ಜನರ ಆರೋಗ್ಯದ ವಿವರ ಇರುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಮಾಹಿತಿಯ ಮೇಲೆ 2019ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಈ ರೋಗಕ್ಕೆ ಸಂಬಂಧಿಸಿದ 16 ತಾಣಗಳನ್ನು ಗುರುತಿಸಿತು. ಅವುಗಳಲ್ಲಿ ಹಲವು ಮೂಳೆಯ ಬೆಳವಣಿಗೆಗೂ ಅಂಗಾಂಶಗಳನ್ನು ಹಿಡಿದಿಡುವ ನಾರಿನ ರಚನೆಗೂ ಸೇರಿದವು. ರೋಗವಿದ್ದವರು ಇಲ್ಲದವರಿಗಿಂತ ಸರಾಸರಿಯಲ್ಲಿ ಕುಳ್ಳಾಗಿದ್ದರು, ಮತ್ತು ಎತ್ತರ ಕಡಿಮೆ ಇರುವುದು ಬರಿಯ ಕಾಕತಾಳೀಯವಲ್ಲ, ಕಾರಣದ ಒಂದು ಭಾಗವೇ ಎಂದು ಆ ವಿಶ್ಲೇಷಣೆ ಸೂಚಿಸಿತು. ಹೆಂಗಸರಲ್ಲಿ ರೋಗ ಹೆಚ್ಚಿರುವುದರ ಒಂದು ಪಾಲು ಇದರಿಂದಲೂ ತಿಳಿಯುತ್ತದೆ.

ಮೂರನೆಯದು ತೂಕ. ಇದೊಂದನ್ನೇ ವೈದ್ಯರು ಹೆಚ್ಚು ಮಾತಾಡುತ್ತಾರೆ, ಹಲವು ಸಲ ಹೆಂಗಸರ ಮನಸ್ಸಿಗೆ ನೋವಾಗುವ ರೀತಿಯಲ್ಲಿ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 29ಕ್ಕಿಂತ ಹೆಚ್ಚಿದ್ದವರಿಗೆ, 20ಕ್ಕಿಂತ ಕಡಿಮೆ ಇದ್ದವರಿಗಿಂತ, ಎರಡೂವರೆ ಪಟ್ಟು ಹೆಚ್ಚು ಈ ರೋಗವಿತ್ತು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಬೊಜ್ಜಿದ್ದವರಿಗೆ ಅಪಾಯ ಸುಮಾರು ಎರಡು ಪಟ್ಟು, ಬಿಎಂಐ ಒಂದೊಂದು ಅಂಕ ಏರಿದಂತೆ ಅದು ಸುಮಾರು ಶೇ. 7ರಷ್ಟು ಹೆಚ್ಚುತ್ತದೆ ಎಂದು ಕಂಡುಬಂತು. ನೀವು ಕೊಟ್ಟ ಅಳತೆಯ ಪ್ರಕಾರ ನಿಮ್ಮ ಬಿಎಂಐ 29.7. ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ಪರಿಗಣಿಸುವುದರಿಂದ ಇದು ಗಮನ ಕೊಡಬೇಕಾದ ಸಂಖ್ಯೆಯೇ. ಸೊಂಟದ ಸುತ್ತಳತೆ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯ ಸಾಧ್ಯತೆಯೂ ಅದರ ಜೊತೆಗೇ ಬರುತ್ತದೆ.

ಆದರೆ ತೂಕ ಇಳಿಸಿ ಆಮೇಲೆ ಬನ್ನಿ ಎಂದು ಹೇಳಿ ಕಳಿಸುವುದು ಚಿಕಿತ್ಸೆಯಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ತೂಕ ಏರುವುದು ಸಹಜ, ಇಳಿಸಲು ತಿಂಗಳುಗಳು ಬೇಕು, ಆ ತಿಂಗಳುಗಳಲ್ಲಿ ನರ ಸವೆಯುತ್ತಿರುತ್ತದೆ. ನಿಮ್ಮ ಹೃದಯಕ್ಕೆ, ಮಂಡಿಗೆ, ಸಕ್ಕರೆಗೆ ಒಳ್ಳೆಯದೆಂದು ತೂಕ ಇಳಿಸಿ. ಕೈಯ ಚಿಕಿತ್ಸೆಯನ್ನು ಅದಕ್ಕೆ ಕಟ್ಟಿಹಾಕಬೇಡಿ. ತೆಳ್ಳಗಿರುವ ಹೆಂಗಸರಿಗೂ ಈ ರೋಗ ಬರುತ್ತದೆ, ಅವರ ದೂರನ್ನು ಮೈ ನೋಡಿ ತಳ್ಳಿಹಾಕುವುದೂ ಅಷ್ಟೇ ತಪ್ಪು.

ಮಗಳ ಬಗ್ಗೆ ಕೇಳಿದ್ದೀರಿ. ಬ್ರಿಟನ್ನಿನಲ್ಲಿ ಅವಳಿ ಹೆಂಗಸರನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿಯೊಂದು, ಒಬ್ಬರಿಗೆ ರೋಗ ಬಂದು ಇನ್ನೊಬ್ಬರಿಗೆ ಬಾರದಿರುವ ವ್ಯತ್ಯಾಸದಲ್ಲಿ ಹೆಚ್ಚೆಂದರೆ ಅರ್ಧಕ್ಕೆ ಸಮೀಪದ ಪಾಲು ಆನುವಂಶಿಕ ಎಂದು ಅಂದಾಜಿಸಿತು. ಅಜ್ಜಿ, ತಾಯಿ, ದೊಡ್ಡಮ್ಮ ಮೂವರಿಗೂ ಇರುವಾಗ ನಿಮ್ಮ ಮಗಳಿಗೆ ಬರುವ ಸಾಧ್ಯತೆ ಸಾಮಾನ್ಯಕ್ಕಿಂತ ಹೆಚ್ಚು, ಆದರೆ ಬಂದೇ ತೀರುತ್ತದೆ ಎನ್ನುವಂತಿಲ್ಲ. ಲಕ್ಷಣವಿಲ್ಲದೆ ಈಗ ಯಾವ ಪರೀಕ್ಷೆಯೂ ಬೇಕಿಲ್ಲ. ಮುಂದೆ ಬಸುರಾದಾಗ ಬೆರಳು ಜೋಮು ಹಿಡಿದರೆ, ಬಸುರಿನಲ್ಲಿ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗದೆ ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆಯ ಫಲಿತಾಂಶವನ್ನು ವೈದ್ಯರೊಡನೆ ಮತ್ತೊಮ್ಮೆ ನೋಡಿ, ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮಲಗಲಿ. ಹೆರಿಗೆಯಾಗಿ ಕೆಲವು ತಿಂಗಳಾದರೂ ಹೋಗದಿದ್ದರೆ ನರದ ಪರೀಕ್ಷೆ ಮಾಡಿಸಲಿ.

ಈಗ ನಿಮ್ಮ ಬಿ ಕಾಂಪ್ಲೆಕ್ಸ್ ಮಾತ್ರೆಯ ಬಗ್ಗೆ. ಒತ್ತಿಕೊಂಡಿರುವ ನರಕ್ಕೆ ವಿಟಮಿನ್ ಕೊಟ್ಟರೆ ಒತ್ತಡ ಇಳಿಯುವುದಿಲ್ಲ. ಬಿ6 ವಿಟಮಿನ್ ಈ ರೋಗಕ್ಕೆ ಉಪಯೋಗವಾಗುತ್ತದೆ ಎಂಬುದು ಪ್ರಯೋಗಗಳಲ್ಲಿ ನಿಂತಿಲ್ಲ, ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಅದರಿಂದಲೇ ನರಗಳಿಗೆ ಹಾನಿಯಾಗುತ್ತದೆ. ಬಿ12 ಕೊರತೆ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಸಾಮಾನ್ಯ, ಅದನ್ನು ರಕ್ತಪರೀಕ್ಷೆಯಿಂದ ತಿಳಿದು ತುಂಬಿಸಬೇಕು. ಆದರೆ ಅದರ ಜೋಮು ಸಾಧಾರಣವಾಗಿ ಎರಡೂ ಪಾದಗಳಿಂದ ಶುರುವಾಗುತ್ತದೆ, ಕಿರುಬೆರಳನ್ನು ಬಿಟ್ಟು ಉಳಿದ ಬೆರಳುಗಳನ್ನು ಆರಿಸಿಕೊಂಡು ಬರುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ಪ್ರಯೋಜನ ಕಂಡಿಲ್ಲ. ಹೆಂಗಸರು ಕೈ ಮರಗಟ್ಟುತ್ತದೆ ಎಂದೊಡನೆ ನಿಶ್ಶಕ್ತಿ ಎಂದು ಬರೆದುಕೊಡುವ ಅಭ್ಯಾಸದಿಂದ ಎಷ್ಟೋ ಜನರ ಕೈ, ಚಿಕಿತ್ಸೆ ಸುಲಭವಾಗಿದ್ದ ಹಂತವನ್ನು ದಾಟಿಹೋಗುತ್ತದೆ. ಇದನ್ನು ಕಟುವಾಗಿಯೇ ಹೇಳಬೇಕಾಗಿದೆ.

ಹಾಗೆಂದು ಪ್ರತಿಯೊಂದು ಜೋಮೂ ಈ ರೋಗವಲ್ಲ. ಸ್ವೀಡನ್ನಿನಲ್ಲಿ ಸಾಮಾನ್ಯ ಜನರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 14.4 ಮಂದಿ ಮೀಡಿಯನ್ ನರದ ಬೆರಳುಗಳಲ್ಲಿ ನೋವು, ಜೋಮು ಅಥವಾ ಜುಮ್ಮೆನ್ನುವುದಿದೆ ಎಂದರು, ವೈದ್ಯರ ಪರೀಕ್ಷೆ ಮತ್ತು ನರದ ಪರೀಕ್ಷೆ ಎರಡರಲ್ಲೂ ರೋಗ ಖಚಿತವಾದದ್ದು ಶೇ. 2.7 ಮಂದಿಗೆ. ಕತ್ತು ತಿರುಗಿಸಿದಾಗ ಭುಜದಿಂದ ಬೆರಳಿನವರೆಗೆ ನೋವು ಹರಿದರೆ ಕತ್ತಿನ ನರವನ್ನು ನೋಡಬೇಕು. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆಯೂ ಇದ್ದರೆ ಕುಷ್ಠವನ್ನು ಪರೀಕ್ಷಿಸಬೇಕು. ನಿಮ್ಮ ಲಕ್ಷಣಗಳು ಸ್ಪಷ್ಟವಾಗಿವೆಯಾದರೂ ಕೈ ಮುಟ್ಟಿ ಪರೀಕ್ಷೆ ಮಾಡುವುದು ಅಗತ್ಯ.

ಮೂಳೆ ತಜ್ಞರು, ಕೈ ಶಸ್ತ್ರಚಿಕಿತ್ಸಕರು ಅಥವಾ ನರರೋಗ ತಜ್ಞರು ಯಾರಾದರೂ ಇದನ್ನು ಮಾಡಬಲ್ಲರು. ಅವರು ನಿಮ್ಮ ಮಣಿಕಟ್ಟನ್ನು ಒಂದು ನಿಮಿಷ ಬಗ್ಗಿಸಿ ಹಿಡಿಯಲು ಹೇಳುತ್ತಾರೆ, ಅರ್ಧ ನಿಮಿಷ ಹೆಬ್ಬೆರಳಿನಿಂದ ಓಣಿಯ ಮೇಲೆ ಒತ್ತುತ್ತಾರೆ, ಜೋಮು ಬರುತ್ತದೆಯೇ ನೋಡುತ್ತಾರೆ. ಹೆಬ್ಬೆರಳಿನ ಬುಡದ ಉಬ್ಬು ಎರಡೂ ಕೈಯಲ್ಲಿ ಸಮನಾಗಿದೆಯೇ, ಅಂಗೈಯನ್ನು ಮೇಲ್ಮುಖವಾಗಿ ಇಟ್ಟು ಹೆಬ್ಬೆರಳನ್ನು ಛಾವಣಿಯ ಕಡೆ ಎತ್ತಿದಾಗ ಬಲವಿದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ನರದಲ್ಲಿ ವಿದ್ಯುತ್ ಸಂಕೇತ ಸಾಗುವ ವೇಗವನ್ನು ಅಳೆಯುವ ಪರೀಕ್ಷೆ, ಅಂದರೆ ನರ್ವ್ ಕಂಡಕ್ಷನ್, ರೋಗದ ತೀವ್ರತೆಯನ್ನು ಹೇಳುತ್ತದೆ. ಜೊತೆಗೆ ಟಿಎಸ್ಎಚ್, ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ಮತ್ತು ಬಿ12 ಮಾಡಿಸಿ. ಬೆಳಗ್ಗೆ ಎದ್ದಾಗ ಬೆರಳಿನ ಕೀಲುಗಳು ಊದಿಕೊಂಡು ಬಹಳ ಹೊತ್ತು ಬಿಗಿಯಾಗಿದ್ದರೆ ಸಂಧಿವಾತದ ಪರೀಕ್ಷೆಯೂ ಬೇಕು.

ಹೆಬ್ಬೆರಳಿನ ಬಲ ಕುಂದಿಲ್ಲದಿದ್ದರೆ ಮೊದಲ ಚಿಕಿತ್ಸೆ ರಾತ್ರಿ ಕಟ್ಟುವ ಪಟ್ಟಿ. ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಬ್ಯಾಂಡ್ ಇದಕ್ಕೆ ಆಗದು, ಅದು ಒತ್ತಡವನ್ನು ಇನ್ನಷ್ಟು ಹೆಚ್ಚಿಸಬಹುದು. ಒಳಗೆ ಗಟ್ಟಿ ಪಟ್ಟಿಯಿದ್ದು ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಬೇಕು. ಹಲವು ಸ್ಪ್ಲಿಂಟ್‌ಗಳು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯುತ್ತವೆ, ಆ ಪಟ್ಟಿಯನ್ನು ಹೊರತೆಗೆದು ನೇರ ಮಾಡಿ ಮತ್ತೆ ಒಳಗಿಡಬಹುದು. ಕನಿಷ್ಠ ಆರು ವಾರ, ಒಂದು ರಾತ್ರಿಯೂ ಬಿಡದೆ ಕಟ್ಟಬೇಕು. ಅದರಿಂದ ಸಾಲದಿದ್ದರೆ ಓಣಿಯೊಳಗೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಡಬಹುದು. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ವಾರಗಳ ಹೊತ್ತಿಗೆ ಸ್ಪ್ಲಿಂಟಿಗಿಂತ ಇಂಜೆಕ್ಷನ್ ಹೆಚ್ಚು ಆರಾಮ ಕೊಟ್ಟಿತ್ತು, ಆರು ತಿಂಗಳಾಗುವಾಗ ಎರಡರ ನಡುವೆ ಹೆಚ್ಚಿನ ವ್ಯತ್ಯಾಸ ಉಳಿದಿರಲಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಇಂಜೆಕ್ಷನ್ನಿನ ನಂತರ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ ಎಂಬುದನ್ನು ಗಮನದಲ್ಲಿಡಿ. ತರಗತಿಯಲ್ಲಿ ಬೋರ್ಡಿನ ಮೇಲೆ ಬಹಳ ಹೊತ್ತು ಬರೆಯುವಾಗ, ಸ್ಕೂಟರಿನ ಹಿಡಿ ಹಿಡಿದಾಗ, ಒದ್ದೆ ಬಟ್ಟೆ ಹಿಂಡುವಾಗ ಜೋಮು ಶುರುವಾದರೆ ನಡುನಡುವೆ ಕೈಗೆ ಬಿಡುವು ಕೊಡಿ.

ಜೋಮು ಬಂದುಹೋಗುವ ಬದಲು ಹಗಲಿಡೀ ಉಳಿದರೆ, ಬ್ಲೌಸಿನ ಹುಕ್ಕು ಹಾಕಲು, ಸೂಜಿಗೆ ದಾರ ಪೋಣಿಸಲು, ಹೂ ಕಟ್ಟಲು ಬೆರಳು ಒದಗದಿದ್ದರೆ, ಹೆಬ್ಬೆರಳಿನ ಬುಡದ ಉಬ್ಬು ಕರಗುತ್ತಿದ್ದರೆ ಇನ್ನು ಸ್ಪ್ಲಿಂಟ್ ನಂಬಿ ಕಾಯಬಾರದು. ಆಗ ಆಪರೇಷನ್ ಬೇಕು. ಅಂಗೈಯಲ್ಲಿ ಸಣ್ಣ ಗಾಯ ಮಾಡಿ ಅಡ್ಡಪಟ್ಟಿಯನ್ನು ಸೀಳಿ ಓಣಿಯನ್ನು ಅಗಲಗೊಳಿಸುವ ಈ ಆಪರೇಷನ್ನನ್ನು ಹೆಚ್ಚಾಗಿ ಕೈಗೆ ಮಾತ್ರ ಮರವಳಿಕೆ ಕೊಟ್ಟು ಮಾಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ರಾತ್ರಿಯ ಜೋಮು ಬಹುಬೇಗ ಹೋಗುತ್ತದೆ. ಅಂಗೈ ಊರಿ ಏಳುವಾಗ ಗಾಯದ ಅಕ್ಕಪಕ್ಕ ನೋವಾಗುವುದು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಇರುತ್ತದೆ. ಆದರೆ ಒಮ್ಮೆ ಪೂರ್ತಿ ಕರಗಿದ ಸ್ನಾಯು ಹಲವರಲ್ಲಿ ಮತ್ತೆ ತುಂಬಿಕೊಳ್ಳುವುದಿಲ್ಲ. ಎರಡೂ ಕೈಗೆ ಬೇಕಾದರೆ, ಮನೆಯಲ್ಲಿ ನೆರವಿಗೆ ಯಾರೂ ಇಲ್ಲದವರು ಮೊದಲು ಹೆಚ್ಚು ಹಾನಿಯಾದ ಕೈಗೆ ಮಾಡಿಸಿ, ಅದು ಕೆಲಸಕ್ಕೆ ಒದಗಿದ ಮೇಲೆ ಇನ್ನೊಂದಕ್ಕೆ ಮಾಡಿಸುವುದು ಒಳ್ಳೆಯದು. ಶಾಲೆಗೆ ದೊಡ್ಡ ರಜೆ ಬರುವ ತಿಂಗಳಿಗೆ ಇದನ್ನು ಹೊಂದಿಸಿಕೊಳ್ಳಬಹುದು, ಹೆಬ್ಬೆರಳಿನ ಬಲ ಈಗಾಗಲೇ ಕುಂದಿದ್ದರೆ ಮಾತ್ರ ರಜೆಗಾಗಿ ಕಾಯಬೇಡಿ.